ಸ್ಮ್ಯಾಶ್ ಸಾಕು, ಇನ್ನು ಡಿಂಕ್ ಕಲಿಯೋಣ



ಕಳೆದ ತಿಂಗಳು ನೆರೆಯ ಧರ್ಮಕೇಂದ್ರದಲ್ಲಿ ನಡೆದ ಪಿಕಲ್‌ಬಾಲ್ ಪಂದ್ಯಕ್ಕೆ ನಮ್ಮಿಂದ ಎರಡು ಜೋಡಿ ಹೋಗಿತ್ತು. ಹೋಗುವಾಗ ಓಮ್ನಿಯೊಳಗೆ ದೊಡ್ಡ ಗಲಾಟೆ. ಕಪ್ ತಂದರೆ ಎಲ್ಲಿಡುವುದು, ಹಾಲ್‌ನ ಕಪಾಟಿನಲ್ಲೋ ಫಾದರ್ ಆಫೀಸಿನಲ್ಲೋ ಎಂಬಲ್ಲಿಯವರೆಗೆ ಚರ್ಚೆ ಮುಟ್ಟಿತ್ತು. ಬರುವಾಗ ಕುಂಬಳೆ ದಾಟುವ ತನಕ ಯಾರೂ ಬಾಯಿ ಬಿಡಲಿಲ್ಲ.

ಸೋತದ್ದಕ್ಕೆ ಬೇಸರವಿಲ್ಲ, ಸೋಲು ನಮಗೆ ಹೊಸತೂ ಅಲ್ಲ. ಯಾರ ಕೈಯಲ್ಲಿ ಸೋತೆವು ಎಂಬುದು ವಿಷಯ. ನಮ್ಮ ಮೊದಲ ಜೋಡಿಯ ಎದುರಿಗೆ ನಿಂತವರು ಒಬ್ಬ ನಿವೃತ್ತ ಟೀಚರ್ ಮತ್ತು ಅವರ ತಮ್ಮ. ಟೀಚರ್‌ಗೆ ಅರುವತ್ತು ದಾಟಿದೆ. ತಮ್ಮನಿಗೆ ತಲೆ ಪೂರ್ತಿ ನರೆತಿದೆ. ನಮ್ಮವರಿಬ್ಬರೂ ಕಾಲೇಜು ಹುಡುಗರು, ವಾಲಿಬಾಲ್ ಆಡಿ ಗಟ್ಟಿಯಾದ ತೋಳು. 11-3, 11-4. ಅರ್ಧ ಗಂಟೆಯೂ ಹಿಡಿಯಲಿಲ್ಲ. ಆಟ ಮುಗಿದ ಮೇಲೆ ನೆಟ್ ಹತ್ತಿರ ಕೈಕುಲುಕಿ ಟೀಚರ್ ಹೇಳಿದ್ದು ಇಷ್ಟು: "ಸುಸ್ತಾಯ್ತಾ ಮಕ್ಕಳೇ? ನಮಗೇನೂ ಆಗ್ಲಿಲ್ಲ. ಹೆಚ್ಚಿನ ಪಾಯಿಂಟೆಲ್ಲ ನೀವೇ ಹೊರಗೆ ಹೊಡೆದು ಕೊಟ್ಟಿರಲ್ಲ."

ನಿಜ. ಆಮೇಲೆ ಮೊಬೈಲಿನಲ್ಲಿ ಹಿಡಿದ ವಿಡಿಯೋ ಹಾಕಿ ಕೂತು ಎಣಿಸಿದೆವು. ಎದುರಿನವರು ಗಳಿಸಿದ 22 ಪಾಯಿಂಟ್‌ಗಳಲ್ಲಿ 15 ನಾವು ನೆಟ್‌ಗೆ ಬಡಿದದ್ದು ಅಥವಾ ಗೆರೆಯಾಚೆ ಕಳಿಸಿದ್ದು. ಅವರು ಸ್ಮ್ಯಾಶ್ ಮಾಡಿದ್ದು ಒಟ್ಟು ಮೂರು ಸಲ, ಅದೂ ನಾವೇ ಚೆಂಡನ್ನು ಮದುವೆಯ ಬಲೂನಿನ ಹಾಗೆ ಎತ್ತಿಕೊಟ್ಟಾಗ. ಉಳಿದ ಹೊತ್ತೆಲ್ಲ ಅವರು ನೆಟ್‌ನಿಂದ ಏಳು ಅಡಿ ದೂರದ ಗೆರೆಯಲ್ಲಿ ನಿಂತು ಚೆಂಡನ್ನು ಮೆಲ್ಲಗೆ, ನೆಟ್ ಮೇಲಿಂದ ದಾಟಿಸಿ, ನಮ್ಮ ಕಾಲ ಬಳಿಗೆ ಬಿಡುತ್ತಿದ್ದರು. ಅಷ್ಟೇ.

ಆ ಹೊಡೆತಕ್ಕೆ ಡಿಂಕ್ ಎಂದು ಹೆಸರು. ನಮ್ಮ ಅಂಗಳದಲ್ಲಿ ಅದನ್ನು ಇದುವರೆಗೆ ಯಾರೂ ಗಂಭೀರವಾಗಿ ಕಲಿತಿಲ್ಲ. ಕಲಿಯಬೇಕು ಎನ್ನುವುದೇ ಈ ಬರಹ. ಪಂದ್ಯ ಗೆಲ್ಲುವುದಕ್ಕೆ ಮಾತ್ರ ಅಲ್ಲ, ಬೇರೆ ಒಂದು ಕಾರಣವೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ನಾವು ಈ ಆಟ ಶುರುಮಾಡಿದಾಗ ಸಂಜೆ 18 ಜನ ಬರುತ್ತಿದ್ದರು. ದುಬೈಯಿಂದ ರಜೆಗೆ ಬಂದ ಅಣ್ಣನೊಬ್ಬ ನಾಲ್ಕು ಪ್ಯಾಡಲ್ ಮತ್ತು ಒಂದು ಡಜನ್ ಚೆಂಡು ಬಿಟ್ಟುಹೋಗಿದ್ದ. ಹುಡುಗಿಯರು ಬಂದರು, ಇಬ್ಬರು ಆಂಟಿಯರು ಬಂದರು, ಏಳನೇ ಕ್ಲಾಸಿನ ಮಕ್ಕಳೂ ಸಾಲು ನಿಂತರು. ಈಗ ಬರುವವರು ಏಳು ಜನ. ಏಳೂ ಹುಡುಗರೇ. ಪರೀಕ್ಷೆ ಹತ್ತಿರ ಬಂತು, ಅಡಿಕೆ ಕೊಯ್ಲು, ಟ್ಯೂಷನ್ ಎಂದೆಲ್ಲ ನಾವು ನಮಗೇ ಸಮಾಧಾನ ಹೇಳಿಕೊಂಡೆವು. ಕೊನೆಗೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನೇರ ಕೇಳಿಯೇ ಬಿಟ್ಟಾಗ ಒಬ್ಬಳು ಹೇಳಿದಳು: "ಒಂದೋ ನೀವು ನಮ್ಮ ಮೈಮೇಲೆ ಹೊಡೀತೀರಿ, ಇಲ್ಲಾಂದ್ರೆ ನಮ್ಮ ಬಾಲೂ ನೀವೇ ನುಗ್ಗಿ ಹೊಡೀತೀರಿ. ನಾವು ಅಲ್ಲಿ ನಿಂತು ಏನು ಮಾಡೋದು?"

ಉತ್ತರ ನಮ್ಮಲ್ಲಿ ಇರಲಿಲ್ಲ. ಜನವರಿಯಲ್ಲಿ ಒಬ್ಬ ಆಂಟಿಯ ಕನ್ನಡಕಕ್ಕೆ ಚೆಂಡು ಬಡಿದು ಫ್ರೇಮ್ ಮುರಿದದ್ದು ಎಲ್ಲರಿಗೂ ನೆನಪಿದೆ. ಕಣ್ಣಿಗೆ ಏನೂ ಆಗಲಿಲ್ಲ, ದೇವರ ದಯೆ. ಅವರು ಮತ್ತೆ ಬರಲಿಲ್ಲ. ಹೊಡೆದವರು ನಮ್ಮವರೇ. ಆ ಹೊತ್ತಿನಲ್ಲಿ "ಸೂಪರ್ ಶಾಟ್" ಎಂದು ಕೂಗಿದವರೂ ನಾವೇ.

ಈಗ ಆಟಕ್ಕೆ ಬರೋಣ. ಮೆಲ್ಲನೆಯ ಹೊಡೆತ ಯಾಕೆ ಇಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಕೋರ್ಟಿನ ಅಳತೆ ನೋಡಬೇಕು. ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಇದು ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದೇ ಅಳತೆ, ಆಕಸ್ಮಿಕವೇನಲ್ಲ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬ ಇಬ್ಬರು ಸ್ನೇಹಿತರು ಮನೆಯ ಹಳೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ, ಸರಿಯಾದ ಸಾಮಾನು ಸಿಗದೆ, ಟೇಬಲ್ ಟೆನಿಸ್ ಬ್ಯಾಟು ಮತ್ತು ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ಹುಟ್ಟಿಸಿದ ಆಟ ಇದು. ಆಮೇಲೆ ಬಾರ್ನಿ ಮೆಕ್ಕಾಲಂ ಸೇರಿಕೊಂಡು ಮೂವರೂ ನಿಯಮಗಳನ್ನು ಕಟ್ಟಿದರು. ದೊಡ್ಡವರು ಮಕ್ಕಳು ಒಟ್ಟಿಗೆ ಆಡಲಿ ಎನ್ನುವುದೇ ಅವರ ಯೋಚನೆಯಾಗಿತ್ತು. ನಾವು ಎಲ್ಲಿ ತಪ್ಪಿದ್ದೇವೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚು ಸಾಕ್ಷಿ ಬೇಡ.

ನೆಟ್ ಬದಿಗಳಲ್ಲಿ 36 ಇಂಚು, ನಡುವೆ 34 ಇಂಚು. ನೆಟ್‌ನಿಂದ ಎರಡೂ ಕಡೆಗೆ ಏಳೇಳು ಅಡಿಯ ಜಾಗಕ್ಕೆ ಕಿಚನ್ ಎನ್ನುತ್ತಾರೆ. ನಮ್ಮ ಚಿಕ್ಕ ಮಕ್ಕಳು ಅದನ್ನು ಅಡುಗೆಮನೆ ಎಂದೇ ಕರೆಯುತ್ತಾರೆ, ನಮಗೂ ಅದೇ ಇಷ್ಟ. ಅಡುಗೆಮನೆಯ ಒಳಗೆ ನಿಂತು ನೆಲಕ್ಕೆ ತಾಗದ ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಗೆರೆಯನ್ನು ತುಳಿದರೂ ತಪ್ಪು. ಹೊರಗೆ ನಿಂತು ಹೊಡೆದು ಆ ರಭಸಕ್ಕೆ ಒಳಗೆ ಬಿದ್ದರೂ ತಪ್ಪು. ಚೆಂಡು ನೆಲಕ್ಕೆ ಒಮ್ಮೆ ಪುಟಿದಿದ್ದರೆ ಮಾತ್ರ ಒಳಗೆ ಹೋಗಿ ಹೊಡೆಯಬಹುದು.

ಇಲ್ಲಿ ನಮ್ಮ ಒಂದು ಪೆದ್ದುತನವನ್ನೂ ಒಪ್ಪಿಕೊಳ್ಳುತ್ತೇವೆ. ನಾವು ಇಷ್ಟು ದಿನ ಬ್ಯಾಡ್ಮಿಂಟನ್‌ನ ಮುಂದಿನ ಸರ್ವಿಸ್ ಗೆರೆಯನ್ನೇ ಅಡುಗೆಮನೆಯ ಗೆರೆ ಎಂದು ಆಡುತ್ತಿದ್ದೆವು. ಅದು ನೆಟ್‌ನಿಂದ ಆರೂವರೆ ಅಡಿ. ಅಂದರೆ ಅರ್ಧ ಅಡಿ ಕಡಿಮೆ. ನೆಟ್ಟನ್ನು ಕಂಬಗಳಿಗೆ ಅಂದಾಜಿನಲ್ಲಿ ಇಳಿಸಿ ಕಟ್ಟಿದ್ದೆವು, ನಡುವೆ ಅದು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದಿತ್ತು. ಅಳೆದು ನೋಡಿದರೆ ನಡುವೆ 30 ಇಂಚೂ ಇರಲಿಲ್ಲ. ಹಾಗಿದ್ದಾಗ ಸೊಂಟದೆತ್ತರದ ಚೆಂಡನ್ನು ಬಡಿದರೂ ದಾಟುತ್ತದೆ. ಗಟ್ಟಿ ಹೊಡೆಯುವವನೇ ರಾಜ ಎಂಬ ಭ್ರಮೆಗೆ ಆ ನೆಟ್ಟೂ ಕಾರಣ. ಈಗ ನಡುವೆ ಒಂದು ಪಟ್ಟಿ ಕಟ್ಟಿ ಟೇಪು ಹಿಡಿದು 34ಕ್ಕೆ ನಿಲ್ಲಿಸಿದ್ದೇವೆ. ಗೆರೆಯನ್ನೂ ಸುಣ್ಣದಲ್ಲಿ ಹೊಸದಾಗಿ ಎಳೆದಿದ್ದೇವೆ.

ಸರಿಯಾದ ಅಳತೆಯ ಕೋರ್ಟಿನಲ್ಲಿ ಲೆಕ್ಕ ಸರಳ. ನೆಟ್ಟಿಗಿಂತ ಕೆಳಗಿರುವ ಚೆಂಡನ್ನು ಯಾರು ಹೊಡೆದರೂ ಅದು ಮೊದಲು ಮೇಲಕ್ಕೇ ಹೋಗಬೇಕು. ಗಟ್ಟಿಯಾಗಿ ಮೇಲಕ್ಕೆ ಹೊಡೆದರೆ ಒಂದೋ ಗೆರೆಯಾಚೆ ಹೋಗುತ್ತದೆ, ಇಲ್ಲವೇ ಎದುರಿನವನ ಎದೆಯ ಮಟ್ಟಕ್ಕೆ ಬರುತ್ತದೆ, ಅವನು ಅದನ್ನು ಕೆಳಕ್ಕೆ ಬಡಿಯುತ್ತಾನೆ. ಆದ್ದರಿಂದ ಎದುರಾಳಿಯ ಅಡುಗೆಮನೆಯಲ್ಲಿ ತಗ್ಗಾಗಿ ಬೀಳುವ ಚೆಂಡಿಗೆ ಅವನಲ್ಲಿ ಸ್ಮ್ಯಾಶ್ ಇಲ್ಲ. ಗಾಳಿಯಲ್ಲಿ ಹೊಡೆಯಲು ನಿಯಮ ಬಿಡುವುದಿಲ್ಲ, ಪುಟಿದ ಮೇಲೆ ಎತ್ತರ ಸಾಲುವುದಿಲ್ಲ. ಈ ಚೆಂಡು ಪುಟಿಯುವುದೂ ಕಡಿಮೆ. 78 ಇಂಚು ಎತ್ತರದಿಂದ ಗ್ರಾನೈಟ್ ಮೇಲೆ ಬಿಟ್ಟರೆ 30ರಿಂದ 34 ಇಂಚು ಮಾತ್ರ ಏಳಬೇಕೆಂದು ನಿಯಮದಲ್ಲೇ ಇದೆ. ಡಿಂಕ್‌ನಂಥ ತಗ್ಗು ಚೆಂಡು ಮೊಣಕಾಲಿನ ಮಟ್ಟಕ್ಕೆ ಬಂದರೆ ಹೆಚ್ಚು. ನಮ್ಮ ಆರಡಿ ಉದ್ದದ ವಾಲಿಬಾಲ್ ವೀರ ಅಲ್ಲಿ ಬಗ್ಗಲೇಬೇಕು. ಟೀಚರ್ ಎದುರು ಅವನು ಬಗ್ಗಿದ್ದೂ ಅದಕ್ಕೇ.

ಹಾಗಾದರೆ ಹೊಡೆಯುವುದು ಹೇಗೆ? ಸೋತ ಮರುವಾರ ನಾವು ನಾಚಿಕೆ ಬಿಟ್ಟು ಟೀಚರ್ ಹತ್ತಿರವೇ ಹೋದೆವು. ಎರಡು ಶನಿವಾರ ಅವರು ನಮ್ಮನ್ನು ನಿಲ್ಲಿಸಿ ಕಲಿಸಿದರು. ಅಲ್ಲಿ ಕಲಿತದ್ದನ್ನು, ನಮ್ಮ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತೇವೆ.

ಮೊದಲು ಹಿಡಿತ. ನಾವೆಲ್ಲ ಪ್ಯಾಡಲ್ಲನ್ನು ಕತ್ತಿ ಹಿಡಿದ ಹಾಗೆ ಹಿಡಿಯುತ್ತೇವೆ, ಬೆರಳ ಗೆಣ್ಣು ಬಿಳಿಚುವಷ್ಟು ಬಿಗಿಯಾಗಿ. ಹಿಡಿತ ಬಿಗಿಯಾದಷ್ಟೂ ಚೆಂಡು ಚಿಮ್ಮುತ್ತದೆ. ಪೂರ್ತಿ ಬಲಕ್ಕೆ ಹತ್ತು ಎಂದಿಟ್ಟುಕೊಂಡರೆ ಡಿಂಕ್‌ಗೆ ಮೂರು ಅಥವಾ ನಾಲ್ಕು ಸಾಕು. ಕೋಳಿಮರಿಯನ್ನು ಹಿಡಿದಷ್ಟು: ಜಾರಿ ಹೋಗಬಾರದು, ನೋಯಲೂಬಾರದು. ಹಿಡಿಯುವ ಬಗೆಯೆಂದರೆ ಸುತ್ತಿಗೆಯಿಂದ ಮೊಳೆ ಹೊಡೆಯುವಾಗ ಹೇಗೆ ಹಿಡಿಯುತ್ತೇವೋ ಹಾಗೆ, ಪ್ಯಾಡಲ್‌ನ ಅಂಚು ನೆಲದ ಕಡೆಗಿರಲಿ. ಹೀಗೆ ಹಿಡಿದರೆ ಫೋರ್‌ಹ್ಯಾಂಡಿಗೂ ಬ್ಯಾಕ್‌ಹ್ಯಾಂಡಿಗೂ ಕೈ ತಿರುಗಿಸಬೇಕಾಗಿಲ್ಲ. ನೆಟ್ ಹತ್ತಿರ ತಿರುಗಿಸಲು ಸಮಯವೂ ಇರುವುದಿಲ್ಲ.

ಎರಡನೆಯದು ಮಣಿಕಟ್ಟು. ಇದು ನಮ್ಮ ದೊಡ್ಡ ರೋಗ. ಬ್ಯಾಡ್ಮಿಂಟನ್ ಆಡಿ ಬೆಳೆದವರು ನಾವು, ಕೈ ತನ್ನಷ್ಟಕ್ಕೆ ಮಣಿಕಟ್ಟಿನಿಂದ ಚಿಮ್ಮಿಸುತ್ತದೆ. ಶಟಲ್ ಹಗುರ, ಗರಿಗಳಿವೆ, ಎಷ್ಟು ಚಿಮ್ಮಿಸಿದರೂ ಗಾಳಿ ಅದನ್ನು ತಡೆಯುತ್ತದೆ. ಪ್ಲಾಸ್ಟಿಕ್ ಚೆಂಡು ಹಾಗಲ್ಲ. ಸ್ವಲ್ಪ ಚಿಮ್ಮಿಸಿದರೂ ಎದುರಿನವನ ಭುಜದೆತ್ತರಕ್ಕೆ ಏಳುತ್ತದೆ. ಡಿಂಕ್‌ನಲ್ಲಿ ಮಣಿಕಟ್ಟು ಅಲ್ಲಾಡಬಾರದು, ಮೊಣಕೈಯೂ ಹೆಚ್ಚು ಮಡಚಬಾರದು. ತೂಗುವುದು ಭುಜದಿಂದ, ಗೋಡೆ ಗಡಿಯಾರದ ಲೋಲಕದ ಹಾಗೆ. ಹಿಂದಕ್ಕೆ ಎಳೆಯುವುದು ಬಹುತೇಕ ಇಲ್ಲ. ಪ್ಯಾಡಲ್ ನಮ್ಮ ಸೊಂಟಕ್ಕಿಂತ ಹಿಂದೆ ಹೋಯಿತೆಂದರೆ ಅದು ಆಗಲೇ ಡಿಂಕ್ ಅಲ್ಲ. ಟೀಚರ್ ನಮ್ಮಲ್ಲೊಬ್ಬನನ್ನು ಹಾಲ್‌ನ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಡಿಂಕ್ ಮಾಡಿಸಿದರು. ಮೊದಲ ಹತ್ತು ಸಲ ಪ್ಯಾಡಲ್ ಗೋಡೆಗೆ ಟಕ್ ಟಕ್ ಎಂದು ಬಡಿಯಿತು. ಆಮೇಲೆ ಅವನಿಗೆ ಬುದ್ಧಿ ಬಂತು.

ಹಾಲ್‌ನಲ್ಲಿ ಕೇರಂ ಆಡುವವರಿಗೆ ಇದು ಬೇಗ ಅರ್ಥವಾಗುತ್ತದೆ ಎಂದು ನಮಗನಿಸುತ್ತದೆ. ಬೋರ್ಡಿನ ಅಂಚಿನಲ್ಲಿರುವ ಕಾಯಿಯನ್ನು ಸ್ಟ್ರೈಕರಿನಿಂದ ಸುಮ್ಮನೆ ತಾಗಿಸಿ ಪಾಕೆಟ್ಟಿಗೆ ಉರುಳಿಸುತ್ತೇವಲ್ಲ, ಬಲ ಹಾಕಿದರೆ ಸ್ಟ್ರೈಕರೂ ಒಳಗೆ ಬೀಳುತ್ತದಲ್ಲ, ಅದೇ ಕೈ ಇಲ್ಲಿ ಬೇಕು.

ಮೂರನೆಯದು ಕಾಲು. ಡಿಂಕ್ ಕೈಯ ಆಟ ಎಂದು ತಿಳಿದಿದ್ದೆವು. ಅಲ್ಲ, ಅರ್ಧಕ್ಕಿಂತ ಹೆಚ್ಚು ಕಾಲಿನದು. ನಾವು ನೆಟ್ಟಗೆ ನಿಂತು ಸೊಂಟ ಬಗ್ಗಿಸಿ ಪ್ಯಾಡಲ್ ಇಳಿಸುತ್ತೇವೆ, ಬಾವಿಗೆ ಕೊಡ ಇಳಿಸಿದ ಹಾಗೆ. ಆಗ ತಲೆ ಅಲ್ಲಾಡುತ್ತದೆ, ಕಣ್ಣು ಚೆಂಡಿನಿಂದ ದೂರವಾಗುತ್ತದೆ. ಬಗ್ಗಬೇಕಾದದ್ದು ಮೊಣಕಾಲು. ಪಾದಗಳ ನಡುವೆ ಭುಜಕ್ಕಿಂತ ಸ್ವಲ್ಪ ಹೆಚ್ಚು ಅಂತರ, ಭಾರ ಮುಂಗಾಲಿನ ಮೇಲೆ. ಚೆಂಡು ಬದಿಗೆ ಬಂದರೆ ಕೈ ಚಾಚುವುದಲ್ಲ, ಏಡಿಯ ಹಾಗೆ ಬದಿಗೆ ಜರುಗಿ ಚೆಂಡನ್ನು ಮೈಯ ಮುಂದೆಯೇ ಇಟ್ಟುಕೊಳ್ಳುವುದು. ಚೆಂಡು ತಾಗಬೇಕಾದದ್ದು ಮುಂದಿನ ಪಾದಕ್ಕಿಂತಲೂ ಒಂದಿಷ್ಟು ಮುಂದೆ. ಅದು ಪಕ್ಕಕ್ಕೆ, ಹಿಂದಕ್ಕೆ ಹೋದ ಮೇಲೆ ಹೊಡೆದರೆ ಯಾರ ಕೈಯಿಂದಲೂ ಒಳ್ಳೆಯ ಡಿಂಕ್ ಹೊರಡುವುದಿಲ್ಲ. ನಮ್ಮ ವಿಡಿಯೋದಲ್ಲಿ ನೆಟ್‌ಗೆ ಬಡಿದ ಚೆಂಡುಗಳಲ್ಲಿ ಹೆಚ್ಚಿನವು ಇಂಥವೇ.

ಮೊಣಕಾಲು ನೋವಿರುವವರು? ಟೀಚರಿಗೂ ಮೊಣಕಾಲು ನೋವಿದೆ. ಅವರು ಪೂರ್ತಿ ಬಗ್ಗುವುದಿಲ್ಲ, ಬದಲಿಗೆ ಚೆಂಡು ನೆಲಕ್ಕೆ ತಾಗುವ ಮೊದಲೇ, ಗೆರೆಯ ಹೊರಗೆ ನಿಂತು, ಗಾಳಿಯಲ್ಲೇ ಮೆಲ್ಲ ಮುಟ್ಟಿ ಹಿಂದಿರುಗಿಸುತ್ತಾರೆ. ಗೆರೆಯ ಹೊರಗೆ ನಿಂತಿದ್ದರೆ ಅದು ನಿಯಮದಲ್ಲಿ ಸರಿ. ಎದುರಾಳಿಗೆ ಯೋಚಿಸಲು ಸಮಯವೂ ಸಿಗುವುದಿಲ್ಲ.

ಇನ್ನು ಚೆಂಡು ಎಲ್ಲಿಗೆ ಹೋಗಬೇಕು. ಅದರ ಎತ್ತರದ ತುದಿ ನಮ್ಮ ಕಡೆಯಲ್ಲೇ ಇರಬೇಕು, ನೆಟ್ ದಾಟುವಾಗ ಅದು ಇಳಿಯುತ್ತಿರಬೇಕು. ನೆಟ್ ದಾಟಿದ ಮೇಲೂ ಏರುತ್ತಿರುವ ಚೆಂಡು ಎದುರಾಳಿಗೆ ಕೊಟ್ಟ ಉಡುಗೊರೆ. ಇದಕ್ಕಾಗಿ ಪ್ಯಾಡಲ್‌ನ ಮುಖ ಸ್ವಲ್ಪ ಆಕಾಶಕ್ಕೆ ತೆರೆದಿರಬೇಕು, ಚೆಂಡನ್ನು ಹೊಡೆಯುವ ಬದಲು ಎತ್ತಿ ದಾಟಿಸಬೇಕು.

ನೇರಕ್ಕಿಂತ ಓರೆಯಾಗಿ ಆಡುವುದು ಕಲಿಯುವವರಿಗೆ ಸುಲಭ. ಎರಡು ಅಡುಗೆಮನೆ ಸೇರಿ ನೇರ ದೂರ 14 ಅಡಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರೆ 24 ಅಡಿಗೂ ಸ್ವಲ್ಪ ಹೆಚ್ಚು. ಹತ್ತು ಅಡಿ ಜಾಗ ಪುಕ್ಕಟೆ. ಮೇಲಾಗಿ ಓರೆ ಚೆಂಡು ದಾಟುವುದು ನೆಟ್‌ನ ನಡುಭಾಗದ ಮೇಲಿಂದ, ಅಲ್ಲಿ ಎರಡು ಇಂಚು ತಗ್ಗು. ಎರಡು ಇಂಚೇನು ಮಹಾ ಎನ್ನಬೇಡಿ, ನಮ್ಮ ಆ 15 ಪಾಯಿಂಟುಗಳಲ್ಲಿ ನಾಲ್ಕೈದು ಚೆಂಡು ನೆಟ್‌ನ ಪಟ್ಟಿಗೆ ತಾಗಿ ನಮ್ಮ ಕಡೆಗೇ ಬಿದ್ದಿದ್ದವು.

ಇದೆಲ್ಲ ನೆಟ್ ಹತ್ತಿರ ನಿಂತವರಿಗೆ. ಆದರೆ ಸರ್ವ್ ಮಾಡಿದವರು ಹಿಂದೆ, ನೆಟ್‌ನಿಂದ 22 ಅಡಿ ದೂರದ ಗೆರೆಯಲ್ಲಿ ಸಿಕ್ಕಿಬಿದ್ದಿರುತ್ತಾರೆ. ಸರ್ವ್ ಒಮ್ಮೆ ಪುಟಿಯಬೇಕು, ಅದರ ಉತ್ತರವೂ ಒಮ್ಮೆ ಪುಟಿಯಬೇಕು, ಆಮೇಲೆಯೇ ಗಾಳಿಯಲ್ಲಿ ಹೊಡೆಯಬಹುದು ಎನ್ನುವುದು ನಿಯಮ. ಹಾಗಾಗಿ ಎದುರಿನವರು ಆರಾಮವಾಗಿ ಮುಂದೆ ಬಂದು ಅಡುಗೆಮನೆಯ ಗೆರೆ ಹಿಡಿಯುತ್ತಾರೆ, ಸರ್ವ್ ಮಾಡಿದವರು ಹಿಂದೆ ಕಾಯುತ್ತಾರೆ. ಈಗ ಮೂರನೇ ಹೊಡೆತ ಅವರದು. ನಾವು ಇಷ್ಟರವರೆಗೆ ಮಾಡುತ್ತಿದ್ದದ್ದು ಒಂದೇ: ಕಣ್ಣು ಮುಚ್ಚಿ ಬೀಸುವುದು. ಗೆರೆಯಲ್ಲಿ ಕಾದು ನಿಂತವನಿಗೆ ಅದು ಹಬ್ಬ, ಪ್ಯಾಡಲ್ ಸುಮ್ಮನೆ ಅಡ್ಡ ಹಿಡಿದರೂ ಚೆಂಡು ನಮ್ಮ ಕಾಲಿಗೆ ಬರುತ್ತದೆ.

ಬದಲಿಗೆ ಆ ದೂರದಿಂದಲೇ ಚೆಂಡನ್ನು ಮೆಲ್ಲನೆ ಬಿಲ್ಲಿನಂತೆ ಬಾಗಿಸಿ ಅವರ ಅಡುಗೆಮನೆಗೆ ಇಳಿಸಿದರೆ ಅವರು ತಗ್ಗಿನಿಂದ ಎತ್ತಬೇಕಾಗುತ್ತದೆ, ಆ ಹೊತ್ತಿಗೆ ನಾವು ಮುಂದೆ ಬರುತ್ತೇವೆ. ಇದಕ್ಕೆ ಮೂರನೇ ಹೊಡೆತದ ಡ್ರಾಪ್ ಎನ್ನುತ್ತಾರೆ. ಈ ಆಟದಲ್ಲಿ ಕಷ್ಟದ ಕೆಲಸ ಇದೇ, ನಮ್ಮಲ್ಲಿ ಯಾರಿಗೂ ಇನ್ನೂ ಹತ್ತಕ್ಕೆ ಮೂರಕ್ಕಿಂತ ಹೆಚ್ಚು ಬರುವುದಿಲ್ಲ. ಟೀಚರ್ ಹೇಳಿಕೊಟ್ಟ ಉಪಾಯವೆಂದರೆ ಹಿಂದಿನಿಂದ ಶುರುಮಾಡಬಾರದು. ಅಡುಗೆಮನೆಯ ಗೆರೆಯಿಂದ ಹತ್ತು ಡಿಂಕ್ ತಪ್ಪದೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿಯಿರಿ. ಅಲ್ಲಿಂದ ಹತ್ತು. ಮತ್ತೊಂದು ಹೆಜ್ಜೆ. ತಪ್ಪಿದರೆ ಒಂದು ಹೆಜ್ಜೆ ಮುಂದೆ. ಹೀಗೆ ಹಿಂದಿನ ಗೆರೆ ಮುಟ್ಟಲು ನಮಗೆ ವಾರಗಳೇ ಬೇಕಾಗಬಹುದು. ಡ್ರಾಪ್ ಎಂದರೆ ದೂರದಿಂದ ಮಾಡಿದ ಡಿಂಕ್, ಅದೇ ಭುಜ, ಅದೇ ಸಡಿಲ ಹಿಡಿತ, ಮೊಣಕಾಲಿನಿಂದ ಇನ್ನೂ ಸ್ವಲ್ಪ ಎತ್ತುವಿಕೆ.

ಎದುರಿನವರು ಗಟ್ಟಿ ಹೊಡೆದಾಗ ಅದನ್ನು ಹೀರಿಕೊಂಡು ಮೆಲ್ಲನೆ ಬಿಡುವುದು ಇನ್ನೊಂದು ವಿದ್ಯೆ, ಅದಕ್ಕೆ ರೀಸೆಟ್ ಎನ್ನುತ್ತಾರೆ. ಪ್ಯಾಡಲ್ಲನ್ನು ಬೀಸದೆ ಎದುರಿಗೆ ಹಿಡಿದು, ಚೆಂಡು ತಾಗುವ ಕ್ಷಣದಲ್ಲಿ ಹಿಡಿತವನ್ನು ಇನ್ನೂ ಸಡಿಲಿಸುವುದು. ಕ್ರಿಕೆಟಿನಲ್ಲಿ ವೇಗದ ಚೆಂಡನ್ನು ಮೆದುಗೈಯಲ್ಲಿ ಕಾಲಬುಡಕ್ಕೆ ಬೀಳಿಸುವವರನ್ನು ನೋಡಿದ್ದರೆ ಗೊತ್ತಾಗುತ್ತದೆ. ನಮಗೆ ಇದು ಇನ್ನೂ ಬಂದಿಲ್ಲ, ಬಂದ ಮೇಲೆ ಬರೆಯುತ್ತೇವೆ.

ಈಗ ನಮ್ಮಲ್ಲೇ ಎದ್ದಿರುವ ಆಕ್ಷೇಪಕ್ಕೆ ಉತ್ತರ ಕೊಡಬೇಕು. "ಟಿವಿಯಲ್ಲಿ, ಯೂಟ್ಯೂಬಿನಲ್ಲಿ ದೊಡ್ಡ ಆಟಗಾರರು ಹೊಡೆಯುವುದೇ ಹೊಡೆಯುವುದು, ಡಿಂಕ್ ಎಲ್ಲ ಮುದುಕರ ಆಟ" ಎಂದು ನಮ್ಮ ಒಬ್ಬ ಹಿರಿಯ ಆಟಗಾರನ ವಾದ. ಅವನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಹೊಸ ಪ್ಯಾಡಲ್‌ಗಳು ಬಂದ ಮೇಲೆ ವೃತ್ತಿಪರರ ಆಟದಲ್ಲಿ ವೇಗ ಹೆಚ್ಚಾಗಿದೆ. ಆದರೆ ಬೆನ್ ಜಾನ್ಸ್ ಆಡುವ ಒಂದು ಡಬಲ್ಸ್ ಪಂದ್ಯವನ್ನು ಹೈಲೈಟ್ಸ್ ಅಲ್ಲ, ಪೂರ್ತಿಯಾಗಿ ನೋಡಿ. ಹತ್ತು, ಹದಿನೈದು ಡಿಂಕ್ ಓರೆಯಾಗಿ ಹೋಗಿಬರುತ್ತವೆ, ಯಾರದೋ ಒಂದು ಚೆಂಡು ಒಂದು ಗೇಣು ಎತ್ತರ ಏಳುತ್ತದೆ, ಆಗ ಮಾತ್ರ ಬಡಿತ. ಹೈಲೈಟ್ಸ್ ಮಾಡುವವರು ಆ ಹದಿನೈದನ್ನು ಕತ್ತರಿಸಿ ಬಡಿತವನ್ನು ಮಾತ್ರ ಇಡುತ್ತಾರೆ. ನಾವು ಕಲಿತದ್ದು ಅದನ್ನು ನೋಡಿ.

ಸ್ಮ್ಯಾಶ್ ಬೇಡವೆಂದು ನಾವು ಹೇಳುತ್ತಿಲ್ಲ. ನೆಟ್ಟಿಗಿಂತ ಮೇಲೆ ಬಂದ ಚೆಂಡನ್ನು ಹೊಡೆಯಬೇಕು, ಎದುರಿನವರ ಪಾದದ ಕಡೆಗೆ. ಮುಖಕ್ಕೆ, ಎದೆಗೆ ಗುರಿ ಇಡುವುದು ನಮ್ಮ ಅಂಗಳದಲ್ಲಿ ಬೇಡ. 14 ಅಡಿಯಲ್ಲಿ ನಿಂತವರಿಗೆ ಕಣ್ಣು ಮುಚ್ಚಲೂ ಸಮಯ ಸಿಗುವುದಿಲ್ಲ.

ನಮ್ಮ ಕಡೆಯವರಿಗೆ ಮೆದು ಆಟವೆಂದರೆ ಅವಮಾನ ಯಾಕೆ ಆಗಬೇಕು? 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದಾಗ ಫೈನಲ್‌ನಲ್ಲಿ ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಾರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದವರು. 15-3, 15-10. ಪ್ರಕಾಶ್ ಅವರ ಶಕ್ತಿ ಇದ್ದದ್ದು ಡ್ರಾಪ್‌ನಲ್ಲಿ, ನೆಟ್ ಹತ್ತಿರದ ಕೈಚಳಕದಲ್ಲಿ, ಎದುರಾಳಿಯ ವೇಗವನ್ನು ಕೆಡಿಸುವುದರಲ್ಲಿ. ಅವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಒಂದು ಮದುವೆ ಹಾಲ್‌ನಲ್ಲಿ, ಮದುವೆ ಇದ್ದ ದಿನ ಆಟವಿಲ್ಲ. ರೋಸ್, ಮದುವೆ, ಮೊದಲ ಪರಮಪ್ರಸಾದ ಎಂದು ನಮ್ಮ ಅಂಗಳಕ್ಕೂ ಶಾಮಿಯಾನ ಬಂದು ಕೂರುವಾಗ ಗೊಣಗುವವರು ಇದನ್ನು ನೆನಪಿಡಬಹುದು.

ಇನ್ನೊಂದು ಮಾತು, ದುಡ್ಡಿನದು. ಸೋತು ಬಂದ ರಾತ್ರಿಯೇ ವಾಟ್ಸಾಪ್ ಗುಂಪಿನಲ್ಲಿ ಕಾರ್ಬನ್ ಪ್ಯಾಡಲ್‌ಗಳ ಲಿಂಕ್ ಬೀಳತೊಡಗಿದವು. ಯುವಜನರ ನಿಧಿಯಿಂದ ನಾಲ್ಕು ತರಿಸೋಣ ಎಂಬ ಸಲಹೆಯೂ ಬಂತು. ನಮ್ಮ ಅಭಿಪ್ರಾಯ, ಈಗ ಬೇಡ. ಟೀಚರ್ ಆಡಿದ್ದು ಅಂಚು ಸವೆದು ಟೇಪು ಸುತ್ತಿದ ಹಳೆಯ ಪ್ಯಾಡಲ್‌ನಲ್ಲಿ. ಒರಟು ಮೇಲ್ಮೈಯ ಪ್ಯಾಡಲ್ ಚೆಂಡಿಗೆ ಹೆಚ್ಚು ತಿರುಗು ಕೊಡುತ್ತದೆ, ಸರಿ. ಆದರೆ ಗಟ್ಟಿ ಹಿಡಿತವನ್ನು ಅದು ಸಡಿಲಿಸುವುದಿಲ್ಲ. ಖರ್ಚು ಮಾಡಲೇಬೇಕಾದರೆ ಹಿಡಿಗೆ ಸುತ್ತುವ ಗ್ರಿಪ್ ಟೇಪು ತನ್ನಿ. ನಮ್ಮ ಸೆಕೆಗೆ ಬೆವರಿದ ಕೈ ಜಾರುತ್ತದೆ, ಜಾರುವ ಭಯಕ್ಕೇ ಅರ್ಧ ಜನ ಬಿಗಿ ಹಿಡಿಯುತ್ತಾರೆ. ಆಮೇಲೆ ಕಣ್ಣಿಗೆ ಹಾಕುವ ರಕ್ಷಣೆಯ ಕನ್ನಡಕ ಎರಡು ಮೂರು. ಚೆಂಡುಗಳಲ್ಲಿ ಹೊರಾಂಗಣದ್ದಕ್ಕೆ ಸಾಮಾನ್ಯವಾಗಿ 40 ಸಣ್ಣ ತೂತು, ಒಳಾಂಗಣದ್ದಕ್ಕೆ 26 ದೊಡ್ಡ ತೂತು. ಸಂಜೆ ನಾಲ್ಕರ ಮೇಲೆ ಕಡಲ ಕಡೆಯಿಂದ ಬೀಸುವ ಗಾಳಿಗೆ 26ರದ್ದು ಎಲ್ಲೆಲ್ಲೋ ಹೋಗುತ್ತದೆ. ಮುಂದಿನ ಸಲ ತರಿಸುವಾಗ 40ರದ್ದೇ ಇರಲಿ.

ಗಾಳಿ ಹೆಚ್ಚಿದ್ದ ದಿನ ಮೆಲ್ಲನೆಯ ಹೊಡೆತ ಕಷ್ಟ ಎಂಬ ದೂರೂ ಇದೆ. ಹೌದು. ಆಗ ಹಾಲ್‌ನ ಹಿಂದಿನ ಗೋಡೆ ಇದೆಯಲ್ಲ. ನೆಲದಿಂದ 34 ಇಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಏಳು ಅಡಿ ದೂರ ನಿಂತು, ಗೆರೆಗಿಂತ ಒಂದು ಗೇಣು ಮೇಲೆ ಚೆಂಡು ತಾಗುವ ಹಾಗೆ ಒಬ್ಬರೇ ಆಡಬಹುದು. ನಮ್ಮಲ್ಲಿ ಒಬ್ಬಳು ಮನೆಯ ಅಡಿಕೆ ಅಂಗಳದ ಬದಿಯ ಮುರಕಲ್ಲಿನ ಗೋಡೆಗೆ ಹೀಗೆ ಆಡುತ್ತಿದ್ದಾಳೆ. ಗೋಡೆ ಸಮ ಇಲ್ಲದ್ದರಿಂದ ಚೆಂಡು ಎಲ್ಲಿಗೆ ಬರುತ್ತದೆ ಎಂದು ಹೇಳಲಾಗುವುದಿಲ್ಲವಂತೆ, ಕಾಲು ಚುರುಕಾಗಲು ಅದೇ ಒಳ್ಳೆಯದಾಯಿತು ಎನ್ನುತ್ತಾಳೆ.

ಕೊನೆಗೆ, ನಾವು ಏಳು ಜನ ಕೂತು ಮಾಡಿದ ತೀರ್ಮಾನ. ಇನ್ನು ಮುಂದೆ ಪ್ರತಿ ಸಂಜೆಯ ಮೊದಲ 20 ನಿಮಿಷ ಅಡುಗೆಮನೆಯೊಳಗಿನ ಆಟ ಮಾತ್ರ. ಎರಡೂ ಕಡೆಯವರು ಗೆರೆಯಲ್ಲಿ ನಿಲ್ಲುವುದು, ಚೆಂಡು ಎದುರಿನ ಅಡುಗೆಮನೆಯಲ್ಲೇ ಬೀಳಬೇಕು, ಅದರಾಚೆ ಬಿದ್ದರೆ ಪಾಯಿಂಟ್ ಎದುರಿನವರಿಗೆ. ಏಳು ಪಾಯಿಂಟಿಗೆ ಒಂದು ಆಟ. ಇದರಲ್ಲಿ ಉದ್ದದ ತೋಳಿಗೆ, ಗಟ್ಟಿ ಹೊಡೆತಕ್ಕೆ ಬೆಲೆಯೇ ಇಲ್ಲ. ಆಮೇಲಿನ ಪೂರ್ತಿ ಆಟಕ್ಕೆ ಜೋಡಿಗಳನ್ನು ಚೀಟಿ ಎತ್ತಿ ಮಾಡುವುದು, ನಾನು ಅವನ ಜತೆಗೇ ಎಂಬ ಹಟ ನಡೆಯುವುದಿಲ್ಲ. ಜೊತೆಗಾರರ ಭಾಗಕ್ಕೆ ನುಗ್ಗಿ ಹೊಡೆದವರು ಒಂದು ಆಟ ಹೊರಗೆ ಕೂತು ಸ್ಕೋರ್ ಬರೆಯುವುದು. ಈ ಕೊನೆಯದನ್ನು ಒಪ್ಪಲು ಇಬ್ಬರು ತುಂಬ ಹೊತ್ತು ತೆಗೆದುಕೊಂಡರು, ಯಾರೆಂದು ಹೇಳುವುದಿಲ್ಲ.

ಕನ್ನಡಕ ಮುರಿದ ಆಂಟಿಯ ಮನೆಗೆ ನಾವು ಮೂವರು ಹೋಗಿ ಕ್ಷಮೆ ಕೇಳಿ ಬಂದೆವು, ಹೊಸ ಫ್ರೇಮಿನ ಹಣವನ್ನೂ ಕೊಟ್ಟೆವು. ಎರಡು ತಿಂಗಳು ತಡವಾಗಿ. ಅವರು ಚಾ ಕೊಟ್ಟರು, ಹಣವನ್ನು ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು. ಆಟಕ್ಕೆ ಬರುತ್ತೀರಾ ಎಂದದ್ದಕ್ಕೆ "ನೋಡುವಾ" ಎಂದಿದ್ದಾರೆ.

ಕಳೆದ ಶನಿವಾರ ಟೀಚರ್ ನಮ್ಮ ಅಂಗಳಕ್ಕೆ ಬಂದಿದ್ದರು. ಏಳನೇ ಕ್ಲಾಸಿನ ಒಬ್ಬಳು ಹುಡುಗಿಯನ್ನು ಎದುರಿಗೆ ನಿಲ್ಲಿಸಿ ಡಿಂಕ್ ಶುರುಮಾಡಿದರು. ನಾವು ಗಟ್ಟಿಯಾಗಿ ಎಣಿಸುತ್ತಾ ನಿಂತೆವು. ಇಪ್ಪತ್ತಕ್ಕೆ ಕೇರಂ ಆಡುತ್ತಿದ್ದವರು ಹಾಲ್‌ನಿಂದ ಹೊರಗೆ ಬಂದರು. 43ರಲ್ಲಿ ಚೆಂಡು ನೆಟ್‌ನ ಪಟ್ಟಿಗೆ ತಾಗಿ ಟೀಚರ್ ಕಡೆಗೆ ಬಿತ್ತು. ಸದ್ಯಕ್ಕೆ ನಮ್ಮ ಅಂಗಳದ ದಾಖಲೆ ಅದು, ಹಾಲ್‌ನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಬರೆದಿಟ್ಟಿದ್ದೇವೆ. ಮುರಿಯಲು ಬರುವವರು ಶನಿವಾರ ನಾಲ್ಕೂವರೆಗೆ ಬನ್ನಿ, ಚಪ್ಪಲಿ ಬೇಡ, ಶೂ ಹಾಕಿಕೊಂಡು. ಪ್ಯಾಡಲ್ ಇಲ್ಲದವರಿಗೆ ನಾಲ್ಕು ಇವೆ, ಸರದಿಯಲ್ಲಿ ಕೊಡುತ್ತೇವೆ.